ಮೊದಲು ವೇದಿಕೆ ಹತ್ತಿದವರು

ದೊಡ್ಡ ರಾಕ್ ಕಾರ್ಯಕ್ರಮಕ್ಕೆ ಜನ ದುಡ್ಡು ಕೊಟ್ಟು ಬರುವುದು ಒಂದು ತಂಡವನ್ನು ನೋಡಲು. ಅವರೆದುರು ಮೊದಲು ಬಂದು ನಿಲ್ಲುವುದು ಬೇರೆಯೇ ತಂಡ. ಅಮೆರಿಕದಲ್ಲಿ ಇಂಥವರಿಗೆ ಓಪನಿಂಗ್ ಆ್ಯಕ್ಟ್ ಎಂದು ಹೆಸರು, ಬ್ರಿಟನ್ನಿನಲ್ಲಿ ಸಪೋರ್ಟ್ ಎನ್ನುತ್ತಾರೆ. ಟಿಕೆಟ್ಟಿನ ಮೇಲೆ ಇವರ ಹೆಸರು ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಸಿಗುವುದು ಅರ್ಧ ಗಂಟೆ; ಸಭಾಂಗಣ ಅರ್ಧ ಖಾಲಿ; ಬಂದವರು ಇನ್ನೂ ತಮ್ಮ ಸೀಟು ಹುಡುಕುತ್ತಿರುತ್ತಾರೆ. ಆದರೂ ರಾಕ್ ಸಂಗೀತದ ಚರಿತ್ರೆಯಲ್ಲಿ ಜನ ಇಂದಿಗೂ ಮಾತಾಡಿಕೊಳ್ಳುವ ಹಲವು ರಾತ್ರಿಗಳು ಈ ಅರ್ಧ ಗಂಟೆಯಲ್ಲೇ ನಡೆದುಹೋದವು. ಕೆಲವರು ಗೆದ್ದರು, ಕೆಲವರನ್ನು ಜನ ಕೂಗಿ ಓಡಿಸಿದರು. ಎರಡಕ್ಕೂ ಬಹುಪಾಲು ಕಾರಣ ಒಂದೇ: ಪೋಸ್ಟರಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎನ್ನುವುದು ತಿಂಗಳುಗಳ ಹಿಂದೆಯೇ ತೀರ್ಮಾನವಾಗಿರುತ್ತದೆ, ಅಷ್ಟರಲ್ಲಿ ಸಂಗೀತ ಬೇರೆ ಕಡೆಗೆ ಹೊರಳಿರುತ್ತದೆ.

ಈ ಪದ್ಧತಿಯನ್ನು ರಾಕ್ ಹುಟ್ಟುಹಾಕಲಿಲ್ಲ. ಅಮೆರಿಕದ ವಾಡೆವಿಲ್ ರಂಗಮಂದಿರಗಳಲ್ಲಿ ಒಂದು ರಾತ್ರಿಗೆ ಎಂಟೊಂಬತ್ತು ಬಗೆಯ ಆಟಗಳಿರುತ್ತಿದ್ದವು. ಮೊದಲು ಬರುತ್ತಿದ್ದುದು ಮಾತಿಲ್ಲದ ಆಟ: ದೊಂಬರಾಟದವರು, ಸೈಕಲ್ ಸರ್ಕಸ್ಸಿನವರು, ನಾಯಿ ಕುಣಿಸುವವರು. ತಡವಾಗಿ ಬಂದವರ ಗದ್ದಲದಲ್ಲಿ ಮಾತು ಹಾಳಾಗಬಾರದೆಂಬ ಲೆಕ್ಕ ಅದು. ತಾರೆಯ ಸರದಿ ಕೊನೆಯಿಂದ ಎರಡನೆಯದು. ಕಟ್ಟಕಡೆಯ ಆಟ ಎದ್ದು ಹೋಗುವವರ ಪಾಲು. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಕಲಿಕೆಯ ಹುಡುಗರಿಗೆ ಬಿಟ್ಟು, ದೊಡ್ಡ ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದೂ ಇದೇ ಬಗೆಯ ಲೆಕ್ಕಾಚಾರ. ವಾಡೆವಿಲ್ ಸತ್ತರೂ ಅದರ ಸರದಿಯ ಕ್ರಮ ಸಾಯಲಿಲ್ಲ.

ಮೊದಲ ರಾಕ್ ಕಾರ್ಯಕ್ರಮವೆಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುವ ಮೂನ್‌ಡಾಗ್ ಕಾರೊನೇಷನ್ ಬಾಲ್‌ನಲ್ಲಿ ಮೊದಲು ಬಂದವರ ಹೊರತು ಬೇರೆ ಯಾರೂ ನುಡಿಸಲೇ ಇಲ್ಲ. 1952ರ ಮಾರ್ಚ್ 21ರಂದು ಕ್ಲೀವ್‌ಲ್ಯಾಂಡಿನ ಅರೀನಾದಲ್ಲಿ ರೇಡಿಯೋ ನಿರೂಪಕ ಅಲನ್ ಫ್ರೀಡ್ ಮುಂದೆ ನಿಂತು ಏರ್ಪಡಿಸಿದ್ದ ಕಾರ್ಯಕ್ರಮ ಅದು. ಒಳಗೆ ಹಿಡಿಸುತ್ತಿದ್ದುದು ಸುಮಾರು 10,000 ಮಂದಿ. ಟಿಕೆಟ್ಟಿನ ಮುದ್ರಣದಲ್ಲಾದ ಎಡವಟ್ಟಿನಿಂದ ಅದಕ್ಕಿಂತ ಎಷ್ಟೋ ಹೆಚ್ಚು ಜನ ಬಾಗಿಲಿಗೆ ಬಂದರು. ಸ್ಯಾಕ್ಸೊಫೋನ್ ವಾದಕ ಪಾಲ್ ವಿಲಿಯಮ್ಸ್ ಮತ್ತು ಅವರ ಹಕಲ್‌ಬಕರ್ಸ್ ತಂಡ ವೇದಿಕೆ ಹತ್ತಿ ನುಡಿಸಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಹೊರಗಿದ್ದವರು ಬಾಗಿಲು ಮುರಿದು ಒಳನುಗ್ಗಿದರು. ಪೊಲೀಸರು ಬಂದು ಕಾರ್ಯಕ್ರಮ ನಿಲ್ಲಿಸಿದರು. ಪಟ್ಟಿಯಲ್ಲಿದ್ದ ಡಾಮಿನೋಸ್, ಟೈನಿ ಗ್ರೈಮ್ಸ್ ಮುಂತಾದವರು ವಾದ್ಯ ಮುಟ್ಟದೆ ಮನೆಗೆ ಹೋದರು.

ಮುಂದಿನ ಹತ್ತು ಹನ್ನೆರಡು ವರ್ಷ ನಡೆದದ್ದು ಪ್ಯಾಕೇಜ್ ಟೂರುಗಳ ಕಾಲ. ಒಂದು ಬಸ್ಸಿನಲ್ಲಿ ಹತ್ತಾರು ಗಾಯಕರು, ಅವರಿಗೆಲ್ಲ ಸೇರಿ ಒಂದೇ ವಾದ್ಯತಂಡ, ತಲೆಗೆ ಎರಡು ಮೂರು ಹಾಡು, ದಿನಕ್ಕೆ ಎರಡು ಆಟ. ಇಲ್ಲಿ ಓಪನಿಂಗ್ ತಂಡ, ಮುಖ್ಯ ತಂಡ ಎಂಬ ಗಟ್ಟಿ ಗೆರೆಯಿರಲಿಲ್ಲ; ಇದ್ದದ್ದು ಏಣಿಯೊಂದೇ. ಯಾರ ಹಾಡು ಆ ವಾರ ಜನಪ್ರಿಯವೋ ಅವರು ಒಂದು ಮೆಟ್ಟಿಲು ಮೇಲೆ. ಕೊನೆಯ ಸರದಿಗಾಗಿ ಜಗಳಗಳಾಗುತ್ತಿದ್ದವು. 1958ರಲ್ಲಿ ಚಕ್ ಬೆರಿಗಿಂತ ಮೊದಲು ಹಾಡಬೇಕಾಗಿ ಬಂದ ಸಿಟ್ಟಿಗೆ ಜೆರಿ ಲೀ ಲೂಯಿಸ್ ಪಿಯಾನೋಕ್ಕೆ ಬೆಂಕಿಯಿಟ್ಟರು ಎಂಬ ಕತೆ ಈ ಕಾಲದ್ದು. ಲೂಯಿಸರೇ ಒಮ್ಮೆ ಹೌದೆಂದೂ ಒಮ್ಮೆ ಇಲ್ಲವೆಂದೂ ಹೇಳಿದ್ದಾರಾದ್ದರಿಂದ ಅದನ್ನು ಕತೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಏಣಿ ಎಷ್ಟು ಬೇಗ ತಲೆಕೆಳಗಾಗಬಹುದು ಎನ್ನುವುದಕ್ಕೆ 1963ರ ಬೀಟಲ್ಸ್ ತಂಡಕ್ಕಿಂತ ಸ್ಪಷ್ಟ ಸಾಕ್ಷ್ಯ ಸಿಗದು. ಆ ವರ್ಷದ ಫೆಬ್ರವರಿ 2ರಂದು ಬ್ರ್ಯಾಡ್‌ಫರ್ಡಿನಲ್ಲಿ ಅವರ ಮೊದಲ ಬ್ರಿಟಿಷ್ ಪ್ರವಾಸ ಶುರುವಾಯಿತು. ಪೋಸ್ಟರಿನಲ್ಲಿ ದೊಡ್ಡ ಹೆಸರು ಹದಿನಾರರ ಹುಡುಗಿ ಹೆಲೆನ್ ಶಪೀರೋ ಅವರದು. ನಿರೂಪಣೆ ಹಾಸ್ಯಗಾರ ಡೇವ್ ಆಲನ್. ಬೀಟಲ್ಸ್ ಬಹಳ ಕೆಳಗೆ. ಪ್ರವಾಸ ಮುಗಿಯುವ ಮೊದಲೇ ಅವರ 'ಪ್ಲೀಸ್ ಪ್ಲೀಸ್ ಮಿ' ಹಾಡು ಹಲವು ಪಟ್ಟಿಗಳಲ್ಲಿ ತುದಿಗೇರಿತು. ಊರಿಂದೂರಿಗೆ ಹೋಗುವ ಬಸ್ಸಿನಲ್ಲೇ ಲೆನನ್ ಮತ್ತು ಮೆಕಾರ್ಟ್ನಿ ಮುಂದಿನ ಹಾಡು 'ಫ್ರಮ್ ಮಿ ಟು ಯು' ಬರೆದರು. ಮಾರ್ಚ್ ತಿಂಗಳಲ್ಲಿ ಅಮೆರಿಕದಿಂದ ಬಂದ ಟಾಮಿ ರೋ ಮತ್ತು ಕ್ರಿಸ್ ಮೋಂಟೆಸ್ ಮುಖ್ಯ ಗಾಯಕರಾಗಿದ್ದ ಪ್ರವಾಸದಲ್ಲಿ, ಜನರ ಕೂಗಾಟ ಕೇಳಿದ ಸಂಘಟಕರು ಬೀಟಲ್ಸನ್ನು ಕೊನೆಗೆ ಹಾಕಿಬಿಟ್ಟರು. ಮೇ 18ರಂದು ಸ್ಲೌ ಊರಿನಲ್ಲಿ ರಾಯ್ ಆರ್ಬಿಸನ್ ಜೊತೆಗಿನ ಪ್ರವಾಸ ಆರಂಭವಾದಾಗಲೂ ಹಾಗೆಯೇ ಆಯಿತು. ಆರ್ಬಿಸನ್ ಆಗಲೇ ಹೆಸರಾಂತ ಗಾಯಕ. ಅಂಥವರು ಕೊನೆಯ ಸರದಿ ಬಿಟ್ಟುಕೊಟ್ಟು ಬೀಟಲ್ಸ್‌ಗಿಂತ ಮೊದಲು ಹಾಡಲು ಒಪ್ಪಿದರು.

ಒಪ್ಪಿದ್ದರಿಂದ ಅವರಿಗೇನೂ ನಷ್ಟವಾಗಲಿಲ್ಲ. ಕಪ್ಪು ಕನ್ನಡಕ ತೊಟ್ಟು, ಇದ್ದಲ್ಲಿಂದ ಕದಲದೆ, ಕೈಕಾಲು ಆಡಿಸದೆ ಹಾಡುವ ಆರ್ಬಿಸನ್‌ರನ್ನು ಪ್ರೇಕ್ಷಕರು ಮತ್ತೆ ಮತ್ತೆ ಕರೆದು ಹಾಡಿಸಿದರು. ಪರದೆಯ ಹಿಂದೆ ಕಾಯುತ್ತಿದ್ದ ಬೀಟಲ್ಸ್‌ಗೆ ಇವರ ನಂತರ ಹೋಗಿ ಏನು ಮಾಡುವುದೆಂಬ ಚಿಂತೆ ಹತ್ತಿತಂತೆ. ಕೊನೆಗೆ ಲೆನನ್ ಮತ್ತು ಮೆಕಾರ್ಟ್ನಿ ಆರ್ಬಿಸನ್‌ರ ತೋಳು ಹಿಡಿದು ಮತ್ತೆ ವೇದಿಕೆಗೆ ಹೋಗದಂತೆ ತಡೆದರೆಂದು ಹೇಳುತ್ತಾರೆ. ಮೊದಲು ಹಾಡುವವರಿಗೆ ಇರುವ ದೊಡ್ಡ ಅನುಕೂಲ ಇಲ್ಲಿ ಕಾಣುತ್ತದೆ: ಅವರಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ, ಕೊನೆಗೆ ಬರುವವರು ಮಾತ್ರ ಲೆಕ್ಕ ಒಪ್ಪಿಸಬೇಕು.

ಇದೇ ಪಾಠವನ್ನು ರೋಲಿಂಗ್ ಸ್ಟೋನ್ಸ್ ಮುಂದಿನ ವರ್ಷ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕಲಿತರು. 1964ರ ಅಕ್ಟೋಬರ್ 28 ಮತ್ತು 29ರಂದು ಅಲ್ಲಿ 'ಟ್ಯಾಮಿ ಶೋ' ಎಂಬ ಸಂಗೀತ ಕಾರ್ಯಕ್ರಮವನ್ನು ಸಿನಿಮಾಕ್ಕಾಗಿ ಚಿತ್ರೀಕರಿಸಲಾಯಿತು. ಕೊನೆಯ ಸರದಿ ಸ್ಟೋನ್ಸ್‌ಗೆ, ಅದಕ್ಕೆ ಮೊದಲಿನದು ಜೇಮ್ಸ್ ಬ್ರೌನ್‌ಗೆ. ಬ್ರೌನ್‌ಗೆ ಈ ಕ್ರಮ ಒಪ್ಪಿಗೆಯಿರಲಿಲ್ಲ, ಆ ಅಸಮಾಧಾನವನ್ನು ಅವರು ಕಾಲಿನಲ್ಲಿ ತೋರಿಸಿದರು. ಚಿತ್ರ ಇಂದಿಗೂ ನೋಡಲು ಸಿಗುತ್ತದೆ. ಹಾಡುತ್ತ ಹಾಡುತ್ತ ಬ್ರೌನ್ ಮಂಡಿಯೂರಿ ಕುಸಿಯುತ್ತಾರೆ. ಸಹಾಯಕ ಬಂದು ಹೆಗಲಿಗೆ ನಿಲುವಂಗಿ ಹೊದಿಸಿ ಕರೆದೊಯ್ಯುತ್ತಾನೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಿಲುವಂಗಿ ಕಿತ್ತೆಸೆದು ಮೈಕಿನತ್ತ ಮರಳುತ್ತಾರೆ, ಮತ್ತೆ ಕುಸಿಯುತ್ತಾರೆ. ಅದಾದ ಮೇಲೆ ಬಂದ ಸ್ಟೋನ್ಸ್ ಗಾಯಕ ಮಿಕ್ ಜಾಗರ್‌ರ ಕುಣಿತ ಪಾಪ ಪ್ರಾಮಾಣಿಕವಾದದ್ದು, ಅಷ್ಟೇ. ಜೇಮ್ಸ್ ಬ್ರೌನ್ ನಂತರ ವೇದಿಕೆ ಹತ್ತಿದ್ದು ತಮ್ಮ ವೃತ್ತಿಯಲ್ಲಿ ಮಾಡಿದ ದೊಡ್ಡ ತಪ್ಪೆಂದು ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಮುಂದೆ ಹೇಳಿದರು.

ಓಪನಿಂಗ್ ತಂಡಗಳ ಇತಿಹಾಸದಲ್ಲಿ ಒಬ್ಬರ ಹೆಸರು ಪದೇ ಪದೇ ಬರುವುದಾದರೆ ಅದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರದು. ಒಂದು ವರ್ಷದೊಳಗೆ ಮೂರು ದೇಶಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಮೂವರು ತಾರೆಗಳಿಗೆ ಅವರು ಮೊದಲ ತಂಡವಾದರು. 1966ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಜನಪ್ರಿಯ ಗಾಯಕ ಜಾನಿ ಹ್ಯಾಲಿಡೇಗೆ. ಆಗ ಮಿಚ್ ಮಿಚೆಲ್ ಮತ್ತು ನೋಯೆಲ್ ರೆಡಿಂಗ್ ಜೊತೆಗಿನ ಅವರ ತಂಡ ಕಟ್ಟಿ ಕೆಲವೇ ದಿನಗಳಾಗಿದ್ದವು. 1967ರ ವಸಂತದಲ್ಲಿ ಬ್ರಿಟನ್ನಿನಲ್ಲಿ ವಾಕರ್ ಬ್ರದರ್ಸ್‌ಗೆ. ಆ ಪ್ಯಾಕೇಜಿನಲ್ಲಿ ಕ್ಯಾಟ್ ಸ್ಟೀವನ್ಸ್ ಮತ್ತು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಕೂಡ ಇದ್ದರು. ಮೃದುಪ್ರೇಮದ ಹಾಡು ಕೇಳಲು ಬಂದವರ ಮುಂದೆ ಈ ಗಿಟಾರಿಗೆ ಗಮನ ಸಿಗುವುದು ಹೇಗೆ? ಪತ್ರಕರ್ತ ಕೀತ್ ಆಲ್ಟಮ್ ಗಿಟಾರಿಗೆ ಬೆಂಕಿ ಹಚ್ಚುವ ಸಲಹೆ ಕೊಟ್ಟರು. ಮಾರ್ಚ್ 31ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಆಸ್ಟೋರಿಯಾದಲ್ಲಿ, ಸಿಗರೇಟ್ ಲೈಟರಿನ ಎಣ್ಣೆ ಸುರಿದು ಹೆಂಡ್ರಿಕ್ಸ್ ಮೊದಲ ಬಾರಿ ತಮ್ಮ ಗಿಟಾರನ್ನು ಸುಟ್ಟರು. ಕೈಯನ್ನೂ ಸುಟ್ಟುಕೊಂಡು ಆಸ್ಪತ್ರೆಗೆ ಹೋದರು. ಅವರು ಗಿಟಾರ್ ಸುಡುವ ಪ್ರಸಿದ್ಧ ಚಿತ್ರ ಜೂನ್ 18ರ ಮಾಂಟರೆ ಉತ್ಸವದ್ದು. ಆದರೆ ಅದರ ತಾಲೀಮು ನಡೆದದ್ದು ಲಂಡನ್ನಿನಲ್ಲಿ, ಗಮನ ಸೆಳೆಯಲೇಬೇಕಾದ ಓಪನಿಂಗ್ ತಂಡವೊಂದರ ಅಗತ್ಯದಿಂದ. ಮಾಂಟರೆಯಲ್ಲೂ ಸರದಿಯದೇ ರಗಳೆ: ದಿ ಹೂ ತಂಡ ಹೆಂಡ್ರಿಕ್ಸ್ ನಂತರ ಹೋಗಲು ಒಪ್ಪಲಿಲ್ಲ, ಹೆಂಡ್ರಿಕ್ಸ್ ಅವರ ನಂತರ ಹೋಗಲು ಒಪ್ಪಲಿಲ್ಲ. ನಾಣ್ಯ ಚಿಮ್ಮಿ ತೀರ್ಮಾನಿಸಬೇಕಾಯಿತು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಮಂಕೀಸ್ ಎನ್ನುವುದು ಟಿವಿ ಧಾರಾವಾಹಿಗಾಗಿ ಆರಿಸಿ ಕಟ್ಟಿದ ನಾಲ್ವರ ತಂಡ. 1966ರ ಸೆಪ್ಟೆಂಬರಿನಿಂದ ಎನ್‌ಬಿಸಿ ವಾಹಿನಿಯಲ್ಲಿ ಅವರ ಕಾರ್ಯಕ್ರಮ ಬರುತ್ತಿತ್ತು, ಅಮೆರಿಕದ ಎಳೆಯ ಹುಡುಗಿಯರು ಅವರಿಗೆ ಮರುಳಾಗಿದ್ದರು. ಆದರೆ ಆ ನಾಲ್ವರಿಗೆ ತಾವು ಗಂಭೀರ ಸಂಗೀತಗಾರರೆಂದು ತೋರಿಸಿಕೊಳ್ಳುವ ಆಸೆ. ಮಾಂಟರೆಯಲ್ಲಿ ಹೆಂಡ್ರಿಕ್ಸ್‌ರನ್ನು ನೋಡಿ ಬೆರಗಾದ ಡ್ರಮ್ಮರ್ ಮಿಕಿ ಡೊಲೆಂಜ್, ಇವರನ್ನು ನಮ್ಮ ಪ್ರವಾಸಕ್ಕೆ ಕರೆಯೋಣ ಎಂದರು. ಹೆಂಡ್ರಿಕ್ಸ್ ಕಡೆಯವರಿಗೂ ಕಾರಣವಿತ್ತು: ಬ್ರಿಟನ್ನಿನಲ್ಲಿ ಹೆಸರಾಗಿದ್ದರೂ ಅಮೆರಿಕದಲ್ಲಿ ಅವರನ್ನು ಬಲ್ಲವರು ಕಡಿಮೆ, 'ಆರ್ ಯು ಎಕ್ಸ್‌ಪೀರಿಯೆನ್ಸ್ಡ್' ಆಲ್ಬಮ್ ಅಲ್ಲಿನ ಅಂಗಡಿಗೆ ಬಂದದ್ದೇ ಆಗಸ್ಟ್ ಕೊನೆಗೆ. ದೊಡ್ಡ ಸಭಾಂಗಣಗಳು ಪುಕ್ಕಟೆಯಾಗಿ ಸಿಕ್ಕಂತಾಯಿತು.

1967ರ ಜುಲೈ 8ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಮೊದಲ ಆಟ. ಮಂಕೀಸ್ ಗಾಯಕ ಡೇವಿ ಜೋನ್ಸ್‌ಗಾಗಿ ಬಂದಿದ್ದ ಮಕ್ಕಳು, ಅವರನ್ನು ಕರೆತಂದ ಅಪ್ಪ ಅಮ್ಮಂದಿರು. ವೇದಿಕೆಯ ಮೇಲೆ ಹಲ್ಲಿನಿಂದ ಗಿಟಾರ್ ನುಡಿಸುವ, ಆಂಪ್ಲಿಫೈಯರಿಗೆ ಸೊಂಟ ಒತ್ತುವ ಕಪ್ಪು ಮನುಷ್ಯ. ಹೆಂಡ್ರಿಕ್ಸ್ ಹಾಡುತ್ತಿದ್ದರೆ ಕೆಳಗಿನಿಂದ ಡೇವಿ, ಡೇವಿ ಎಂಬ ಕೂಗು. ಪರದೆಯ ಹಿಂದೆ ಮಂಕೀಸ್ ಮಾತ್ರ ತದೇಕಚಿತ್ತರಾಗಿ ನೋಡುತ್ತಿದ್ದರು. ಇಡೀ ಸಭಾಂಗಣದಲ್ಲಿ ಹೆಂಡ್ರಿಕ್ಸ್‌ಗೆ ನಿಜವಾದ ಅಭಿಮಾನಿಗಳೆಂದರೆ ಆ ನಾಲ್ವರೇ ಇದ್ದಿರಬೇಕು. ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಕ್ರೀಡಾಂಗಣದಲ್ಲಿ ಜುಲೈ 16ರ ಆಟ ಮುಗಿಸಿ ಹೆಂಡ್ರಿಕ್ಸ್ ಪ್ರವಾಸ ಬಿಟ್ಟರು. ಮನಸ್ತಾಪವೇನೂ ಇರಲಿಲ್ಲ, ಮ್ಯಾನೇಜರ್ ಚಾಸ್ ಚಾಂಡ್ಲರ್ ಮಾತಾಡಿ ಬಿಡಿಸಿಕೊಂಡರು. ಅಶ್ಲೀಲವೆಂದು 'ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್' ಎಂಬ ಮಡಿವಂತ ಮಹಿಳೆಯರ ಸಂಘ ದೂರು ಕೊಟ್ಟಿದ್ದರಿಂದ ಅವರನ್ನು ಹೊರಹಾಕಲಾಯಿತು ಎಂಬ ಸುದ್ದಿ ಹಬ್ಬಿತು. ಬಹಳ ಪುಸ್ತಕಗಳಲ್ಲೂ ಸೇರಿಕೊಂಡ ಈ ಸುದ್ದಿ ಅಪ್ಪಟ ಕಟ್ಟುಕತೆ. ಕಟ್ಟಿದವರು ಆಸ್ಟ್ರೇಲಿಯಾದ ಪತ್ರಕರ್ತೆ ಲಿಲಿಯನ್ ರಾಕ್ಸನ್. ಎರಡು ವರ್ಷದ ನಂತರ ರಾಕ್ ಸಂಗೀತದ ವಿಶ್ವಕೋಶವೊಂದನ್ನು ಬರೆದು ಹೆಸರಾದವರೂ ಇವರೇ.

ಹೆಸರೇ ಇಲ್ಲದೆ ಬಂದು ಗೆದ್ದವರೂ ಇದ್ದಾರೆ. 1968ರ ಡಿಸೆಂಬರ್ 26ರಂದು ಡೆನ್ವರ್ ನಗರದಲ್ಲಿ ವೆನಿಲಾ ಫಜ್ ಮತ್ತು ಸ್ಪಿರಿಟ್ ತಂಡಗಳ ಕಾರ್ಯಕ್ರಮವಿತ್ತು. ಅವರಿಗಿಂತ ಮೊದಲು, ಪತ್ರಿಕೆಯ ಜಾಹೀರಾತಿನಲ್ಲಿ ಹೆಸರೂ ಇಲ್ಲದ ಇಂಗ್ಲೆಂಡಿನ ತಂಡವೊಂದು ನುಡಿಸಿತು. ಅದು ಲೆಡ್ ಜೆಪಲಿನ್‌ನ ಮೊದಲ ಅಮೆರಿಕನ್ ಪ್ರದರ್ಶನ. ಜೆಫ್ ಬೆಕ್ ತಂಡ ಕೈಬಿಟ್ಟ ತಾರೀಖುಗಳು ಅವರ ಪಾಲಿಗೆ ಬಂದಿದ್ದವು. ಅವರ ಮೊದಲ ಆಲ್ಬಮ್ ಬಿಡುಗಡೆಯಾಗಲು ಇನ್ನೂ ಎರಡು ವಾರವಿತ್ತು, ಹೀಗಾಗಿ ಕೇಳುಗರಿಗೆ ಒಂದು ಹಾಡೂ ಗೊತ್ತಿರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಓಪನಿಂಗ್ ತಂಡದ ಅಗತ್ಯವೂ ಉಳಿಯಲಿಲ್ಲ. ಒಬ್ಬರೇ ಎರಡೂವರೆ ಮೂರು ಗಂಟೆ ನುಡಿಸುವುದು ಅವರ ರೂಢಿಯಾಯಿತು.

ಡೆನ್ವರಿನ ಆ ರಾತ್ರಿಗೆ ಬಹಳ ತಡವಾಗಿ ಇನ್ನೊಂದು ಮಹತ್ವ ಬಂತು. ಸ್ಪಿರಿಟ್ ತಂಡದ ಗಿಟಾರ್ ವಾದಕ ರ‍್ಯಾಂಡಿ ಕ್ಯಾಲಿಫೋರ್ನಿಯಾ ಅವರ 'ಟಾರಸ್' ಎಂಬ ಕೃತಿಯಿಂದ ಜೆಪಲಿನ್ ತಮ್ಮ 'ಸ್ಟೇರ್‌ವೇ ಟು ಹೆವನ್' ಹಾಡಿನ ಆರಂಭವನ್ನು ಎತ್ತಿಕೊಂಡಿದೆ ಎಂದು, ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2014ರಲ್ಲಿ ದಾವೆ ಹೂಡಲಾಯಿತು. ಕೃತಿಚೌರ್ಯದ ದಾವೆಯಲ್ಲಿ ಮೊದಲು ರುಜುವಾತಾಗಬೇಕಾದದ್ದು, ಪ್ರತಿವಾದಿಗಳಿಗೆ ಆ ಕೃತಿಯನ್ನು ಕೇಳುವ ಅವಕಾಶವಿತ್ತೇ ಎನ್ನುವುದು. ಅದಕ್ಕೆ ವಾದಿಗಳ ಕೈಯಲ್ಲಿದ್ದ ಪುರಾವೆಗಳಲ್ಲಿ ಒಂದು, ಜೆಪಲಿನ್ ಹಿಂದೊಮ್ಮೆ ಸ್ಪಿರಿಟ್‌ಗೆ ಓಪನಿಂಗ್ ತಂಡವಾಗಿತ್ತು ಎನ್ನುವ ಸಂಗತಿ. 2016ರಲ್ಲಿ ತೀರ್ಪುಗಾರರು ಕೇಳಿರುವ ಅವಕಾಶವಿತ್ತು ಎಂದರು, ಹಾಡುಗಳಲ್ಲಿ ಸಾಕಷ್ಟು ಹೋಲಿಕೆ ಇಲ್ಲ ಎಂದೂ ಹೇಳಿದರು. 2020ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಆ ತೀರ್ಪನ್ನೇ ಎತ್ತಿಹಿಡಿಯಿತು.

ಬೇರೆ ಬೇರೆ ಜಾತಿಯ ಸಂಗೀತವನ್ನು ಬೇಕೆಂದೇ ಒಂದೇ ರಾತ್ರಿಗೆ ಕಟ್ಟಿದವರಲ್ಲಿ ದೊಡ್ಡ ಹೆಸರು ಬಿಲ್ ಗ್ರಹಾಂ ಅವರದು. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್, ಆಮೇಲೆ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ನಡೆಸಿದ ಈ ಸಂಘಟಕರು ರಾಕ್ ಕೇಳಲು ಬಂದ ಹುಡುಗರಿಗೆ ಬ್ಲೂಸ್, ಸೋಲ್, ಜಾಝ್ ಕೇಳಿಸಿ ಕಳಿಸುತ್ತಿದ್ದರು. 1970ರ ಮಾರ್ಚಿನಲ್ಲಿ ಅವರು ಮೈಲ್ಸ್ ಡೇವಿಸ್‌ರನ್ನು ನೀಲ್ ಯಂಗ್ ಮತ್ತು ಸ್ಟೀವ್ ಮಿಲ್ಲರ್ ಜೊತೆಗೆ ಹಾಕಿದರು. ಜಾಝ್ ಲೋಕದಲ್ಲಿ ಅದಾಗಲೇ ದಂತಕತೆಯಾಗಿದ್ದ ಮೈಲ್ಸ್‌ಗೆ ತನಗಿಂತ ಎಷ್ಟೋ ಕಿರಿಯರಿಗೆ ಮುಂಚೆ ನುಡಿಸುವುದು ಅವಮಾನವೆನಿಸಿತು. ತಾನು ಬೇಕಂತಲೇ ತಡವಾಗಿ ಹೋಗಿ ಸ್ಟೀವ್ ಮಿಲ್ಲರ್ ತಂಡವೇ ಮೊದಲು ನುಡಿಸುವಂತೆ ಮಾಡುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಅವರು ಹೇಳಿಕೊಂಡಿದ್ದಾರೆ, ಸ್ವಲ್ಪವೂ ನಾಚಿಕೆಯಿಲ್ಲದೆ.

ಏಪ್ರಿಲಿನಲ್ಲಿ ಫಿಲ್‌ಮೋರ್ ವೆಸ್ಟ್‌ನಲ್ಲಿ ಗ್ರೇಟ್‌ಫುಲ್ ಡೆಡ್ ತಂಡಕ್ಕೆ ಮೊದಲು ನುಡಿಸಿದಾಗ ಮೈಲ್ಸ್‌ರ ಮನಸ್ಸು ಬದಲಾಗಿತ್ತು. ಅವರ 'ಬಿಚಸ್ ಬ್ರೂ' ಆಲ್ಬಮ್ ಹೊರಬಂದು ಆಗಿನ್ನೂ ಎರಡು ವಾರ ತುಂಬಿರಲಿಲ್ಲ. ಚಿಕ್ ಕೊರಿಯಾ ಎಲೆಕ್ಟ್ರಿಕ್ ಪಿಯಾನೋ, ಡೇವ್ ಹಾಲಂಡ್ ಬೇಸ್, ಜ್ಯಾಕ್ ಡಿಜಾನೆಟ್ ಡ್ರಮ್ಸ್. ಹಾಡು ಮುಗಿದು ಚಪ್ಪಾಳೆ ಬೀಳಲು ಜಾಗವನ್ನೇ ಬಿಡದೆ, ಒಂದರೊಳಗಿಂದ ಇನ್ನೊಂದಕ್ಕೆ ಸಾಗುವ ನುಡಿಸಾಣಿಕೆ. ಡೆಡ್ ತಂಡದ ಬೇಸ್ ವಾದಕ ಫಿಲ್ ಲೆಶ್, ಇದಾದ ಮೇಲೆ ನಾವು ಹೋಗಿ ನುಡಿಸುವುದಾದರೂ ಏನನ್ನು ಎಂದು ಕಂಗಾಲಾದರು. ಏಪ್ರಿಲ್ 10ರ ಧ್ವನಿಮುದ್ರಣ ಮುಂದೆ 'ಬ್ಲ್ಯಾಕ್ ಬ್ಯೂಟಿ' ಹೆಸರಿನಲ್ಲಿ ಬಂದಿದೆ. ಓಪನಿಂಗ್ ತಂಡದ ಸರದಿಯೇ ಪೂರ್ತಿ ಆಲ್ಬಮ್ ಆಗಿ ಉಳಿದ ಅಪರೂಪದ ಉದಾಹರಣೆ ಇದು.

ಭಾರತೀಯ ಸಂಗೀತಕ್ಕೂ ಈ ಚರಿತ್ರೆಯಲ್ಲಿ ಒಂದು ಜಾಗವಿದೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಎರಡು ಕಾರ್ಯಕ್ರಮಗಳಿಗೆ ಸುಮಾರು 40,000 ಜನ ಬಂದಿದ್ದರು. ಮೊದಲು ನುಡಿಸಿದವರು ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಕ್ಬರ್ ಖಾನ್. ತಬಲಾ ಅಲ್ಲಾರಖಾ, ತಂಬೂರಿ ಕಮಲಾ ಚಕ್ರವರ್ತಿ. ಕಾರ್ಯಕ್ರಮದ ಯೋಚನೆ ರವಿಶಂಕರರದೇ ಆಗಿತ್ತು. ಆದರೂ ಬಂದವರಲ್ಲಿ ಹೆಚ್ಚಿನವರು ಹ್ಯಾರಿಸನ್, ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್‌ಗಾಗಿ ಬಂದವರು. ಸಿತಾರ್, ಸರೋದ್‌ಗಳ ಶ್ರುತಿ ಮಾಡಿಕೊಂಡು ಮುಗಿಸುತ್ತಿದ್ದಂತೆ ಸಭಾಂಗಣದ ತುಂಬ ಚಪ್ಪಾಳೆ. ಶ್ರುತಿಯನ್ನೇ ಇಷ್ಟು ಮೆಚ್ಚಿದ ಮೇಲೆ ಸಂಗೀತವನ್ನು ಇನ್ನೂ ಮೆಚ್ಚುವಿರಿ ಎಂದು ರವಿಶಂಕರ್ ನಗುತ್ತ ಹೇಳಿದ ಮಾತು ಆಲ್ಬಮ್ಮಿನಲ್ಲೂ ಸಿನಿಮಾದಲ್ಲೂ ಉಳಿದಿದೆ. ಪ್ರೇಕ್ಷಕರನ್ನು ನೋಯಿಸದೆ ತಿದ್ದುವ ಈ ಜಾಣ್ಮೆ ಓಪನಿಂಗ್ ತಂಡಗಳಲ್ಲಿ ಎಲ್ಲರಿಗೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ಕಾರ್ಯಕ್ರಮಗಳು ರಂಗಮಂದಿರ ಬಿಟ್ಟು ಒಳಾಂಗಣ ಕ್ರೀಡಾಂಗಣಗಳಿಗೆ ಹೋದವು, ಅದರೊಂದಿಗೆ ಏಣಿ ಮುರಿದು ಎರಡೇ ಅಂತಸ್ತು ಉಳಿಯಿತು. ಸ್ಪೀಕರು, ದೀಪ, ಲಾರಿ ಎಲ್ಲವೂ ಮುಖ್ಯ ತಂಡದ ಖರ್ಚಿನವು, ಅವುಗಳ ಮೇಲಿನ ಹಕ್ಕೂ ಅವರದು. ಮಧ್ಯಾಹ್ನದ ಸೌಂಡ್‌ಚೆಕ್‌ನಲ್ಲಿ ಮುಖ್ಯ ತಂಡದ್ದು ಮೊದಲು, ಓಪನಿಂಗ್ ತಂಡದ್ದು ಕೊನೆಗೆ. ಕೊನೆಗೆ ಮಾಡಿದ ಹೊಂದಾಣಿಕೆ ಅಳಿಸದೆ ಉಳಿದು ಸಂಜೆ ಮೊದಲ ಸರದಿಗೆ ಬಳಕೆಗೆ ಬರಲಿ ಎನ್ನುವುದು ಇದರ ತರ್ಕ. ಆದರೆ ಮೊದಲ ತಂಡ ತಡಮಾಡಿದರೆ ಎರಡನೆಯದಕ್ಕೆ ಸಮಯವೇ ಇಲ್ಲ. ಮುಖ್ಯ ತಂಡದ ಡ್ರಮ್ಸ್ ಬಟ್ಟೆ ಮುಚ್ಚಿಕೊಂಡು ಹಿಂದೆ ಕೂತಿರುತ್ತದೆ, ಓಪನಿಂಗ್ ತಂಡ ಅದರ ಮುಂದಿನ ಇಕ್ಕಟ್ಟಿನಲ್ಲಿ ನಿಲ್ಲಬೇಕು. ದೀಪ ಅರ್ಧ, ಧ್ವನಿಯ ಮಟ್ಟವೂ ತಗ್ಗಿಸಿದ್ದು. ಜನ ಎಷ್ಟೇ ಕೂಗಿದರೂ ಮತ್ತೊಂದು ಹಾಡಿಗೆ ಅವಕಾಶವಿಲ್ಲ. ಸಂಭಾವನೆ ಪೆಟ್ರೋಲಿಗೂ ಸಾಲದೆ ಕೊರತೆಯನ್ನು ರೆಕಾರ್ಡ್ ಕಂಪನಿ ತುಂಬುತ್ತಿತ್ತು, ಆಮೇಲೆ ತಂಡದ ರಾಯಲ್ಟಿಯಲ್ಲಿ ಮುರಿದುಕೊಳ್ಳುತ್ತಿತ್ತು. ದೊಡ್ಡ ತಂಡಕ್ಕೆ ತಾವೇ ಹಣ ಕೊಟ್ಟು ಜಾಗ ಪಡೆಯುವ ಪದ್ಧತಿಯೂ ಬೆಳೆಯಿತು.

ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಈ ಏರ್ಪಾಡಿನಲ್ಲಿ ಬೆಂದವರು. 1973ರಲ್ಲಿ ಷಿಕಾಗೋ ಎಂಬ ತಂಡಕ್ಕೆ ಮೊದಲು ದೊಡ್ಡ ಕ್ರೀಡಾಂಗಣಗಳಲ್ಲಿ ನುಡಿಸಿ, ಮಾತಾಡಿಕೊಂಡು ಓಡಾಡುವ ಜನರನ್ನು ಕಂಡು ರೋಸಿಹೋಗಿ, ಇನ್ನು ಇಂಥ ಕೆಲಸ ಬೇಡವೆಂದರು. ಆದರೆ ಅವರ ಅದೃಷ್ಟ ತೆರೆದದ್ದೂ ಒಂದು ಮೊದಲ ಸರದಿಯೇ. 1974ರ ಮೇ 9ರಂದು ಕೇಂಬ್ರಿಜ್‌ನ ಹಾರ್ವರ್ಡ್ ಸ್ಕ್ವೇರ್ ಥಿಯೇಟರಿನಲ್ಲಿ ಬಾನಿ ರೈಟ್‌ಗೆ ಮೊದಲು ನುಡಿಸಿದ ಅವರನ್ನು ವಿಮರ್ಶಕ ಜಾನ್ ಲ್ಯಾಂಡೌ ನೋಡಿದರು. ರಾಕ್ ಸಂಗೀತದ ಭವಿಷ್ಯವನ್ನೇ ಕಂಡೆ ಎಂಬರ್ಥದಲ್ಲಿ ಅವರು 'ದಿ ರಿಯಲ್ ಪೇಪರ್' ಪತ್ರಿಕೆಯಲ್ಲಿ ಬರೆದ ಲೇಖನ ರೆಕಾರ್ಡ್ ಕಂಪನಿಯ ಜಾಹೀರಾತಾಯಿತು. ಲ್ಯಾಂಡೌ ಮುಂದೆ ವಿಮರ್ಶೆ ಬಿಟ್ಟು ಸ್ಪ್ರಿಂಗ್‌ಸ್ಟೀನರ ನಿರ್ಮಾಪಕರೂ ಮ್ಯಾನೇಜರೂ ಆದರು. ಆ ರಾತ್ರಿಯ ಮುಖ್ಯ ಗಾಯಕಿ ಯಾರೆಂದು ಈಗ ಹುಡುಕಿ ನೋಡಬೇಕು. ಬಾನಿ ರೈಟ್ ಅಷ್ಟು ಒಳ್ಳೆಯ ಗಾಯಕಿಗೆ ಇದು ಅನ್ಯಾಯ.

ಪ್ರೇಕ್ಷಕರು ಸಿಟ್ಟಿಗೆದ್ದ ರಾತ್ರಿಗಳದೇ ಬೇರೆ ಸಾಲು. ನ್ಯೂಯಾರ್ಕಿನ ಸೂಯಿಸೈಡ್ ಎಂಬ ಇಬ್ಬರ ತಂಡದಲ್ಲಿ ಗಿಟಾರೂ ಇರಲಿಲ್ಲ, ಡ್ರಮ್ಮರೂ ಇರಲಿಲ್ಲ. ಮಾರ್ಟಿನ್ ರೆವ್ ಕೀಬೋರ್ಡ್ ಮತ್ತು ತಾಳದ ಯಂತ್ರ ನಡೆಸಿದರೆ, ಅಲನ್ ವೇಗಾ ಹಾಡುವುದು, ಪಿಸುಗುಡುವುದು, ಕಿರುಚುವುದು. 1978ರ ಜೂನ್ 16ರಂದು ಬ್ರಸೆಲ್ಸ್‌ನಲ್ಲಿ ಎಲ್ವಿಸ್ ಕಾಸ್ಟೆಲೋಗೆ ಮೊದಲು ಬಂದ ಇವರನ್ನು ಜನ ಕೂಗಿ ಹಂಗಿಸಿದರು, ಕೊನೆಗೆ ವೇಗಾ ಕೈಯಿಂದ ಮೈಕನ್ನೇ ಕಿತ್ತುಕೊಂಡರು. ಸಿಟ್ಟಾದ ಕಾಸ್ಟೆಲೋ ತಮ್ಮ ಸರದಿಯನ್ನು ಮೊಟಕುಗೊಳಿಸಿದ್ದರಿಂದ ಗಲಭೆಯಾಗಿ ಪೊಲೀಸರು ಬಂದರು. ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಆ ಗದ್ದಲ 'ಬ್ರಸೆಲ್ಸ್‌ನಲ್ಲಿ 23 ನಿಮಿಷ' ಎಂಬರ್ಥದ ಹೆಸರಿನಲ್ಲಿ ಹೊರಬಂತು. ಅದರಲ್ಲಿ ಸಂಗೀತಕ್ಕಿಂತ ಸ್ಪಷ್ಟವಾಗಿ ಕೇಳುವುದು ಪ್ರೇಕ್ಷಕರು. 1981ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬಾಂಡ್ಸ್ ಸಭಾಂಗಣದಲ್ಲಿ ದಿ ಕ್ಲ್ಯಾಶ್ ತಂಡ ತನ್ನ 17 ಆಟಗಳ ಸರಣಿಗೆ ರ‍್ಯಾಪ್ ಕಲಾವಿದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡವನ್ನು ಕರೆಸಿದಾಗಲೂ ಕಪ್ಪುಗಳು ವೇದಿಕೆಗೆ ಹಾರಿಬಂದವು. ಬಂಡಾಯದ ಹಾಡು ಕೇಳಲು ಬಂದ ಪಂಕ್ ಅಭಿಮಾನಿಗಳು ಹೊಸ ಸಂಗೀತವೊಂದನ್ನು ಐದು ನಿಮಿಷ ತಾಳಿಕೊಳ್ಳಲಿಲ್ಲ. ಕ್ಲ್ಯಾಶ್ ತಂಡದವರೇ ವೇದಿಕೆಯಿಂದ ಅವರನ್ನು ಗದರಿಸಿದರು.

ಅದೇ ವರ್ಷದ ಅಕ್ಟೋಬರ್ 9ರಂದು ಲಾಸ್ ಏಂಜಲಿಸ್‌ನ ಮೆಮೋರಿಯಲ್ ಕಾಲಿಸಿಯಂನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮ. ಸುಮಾರು 90,000 ಜನ. ಮೊದಲು ಬರಬೇಕಾದವರು 23ರ ಹರೆಯದ ಪ್ರಿನ್ಸ್. ಜಾಗರ್‌ಗೆ ಅವರ ಸಂಗೀತ ಬಹಳ ಹಿಡಿಸಿತ್ತು. ಸ್ಟೋನ್ಸ್‌ಗೆ ಕಪ್ಪು ಕಲಾವಿದರನ್ನು ಮೊದಲ ಸರದಿಗೆ ಕರೆಯುವುದು ಹೊಸದೇನಲ್ಲ: 1969ರಲ್ಲಿ ಬಿ.ಬಿ. ಕಿಂಗ್, ಐಕ್ ಮತ್ತು ಟೀನಾ ಟರ್ನರ್. 1972ರಲ್ಲಿ ಸ್ಟೀವಿ ವಂಡರ್. ಸ್ಟೀವಿಗಂತೂ ಆ ಪ್ರವಾಸ ಬಿಳಿಯ ಕೇಳುಗರ ದೊಡ್ಡ ಬಳಗವನ್ನೇ ತಂದುಕೊಟ್ಟಿತು, ಕೆಲವೇ ತಿಂಗಳಲ್ಲಿ ಅವರ 'ಸೂಪರ್‌ಸ್ಟಿಷನ್' ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. ಆದರೆ 1981ರ ಹೊತ್ತಿಗೆ ಗಾಳಿ ಬದಲಾಗಿತ್ತು. ರಾಕ್ ರೇಡಿಯೋ ಕೇಂದ್ರಗಳು ಕಪ್ಪು ಕಲಾವಿದರನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದವು. ಎರಡು ವರ್ಷದ ಹಿಂದೆ ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿಹಾಕಿ ಸ್ಫೋಟಿಸಿ ಸಂಭ್ರಮಿಸಿದ ಕಾಲ ಅದು. ಇಂಥ ಜನರ ಮುಂದೆ ಪ್ರಿನ್ಸ್ ಹಾಡಹಗಲಲ್ಲಿ, ಉದ್ದ ಕೋಟಿನ ಕೆಳಗೆ ಕಪ್ಪು ಒಳಚಡ್ಡಿ ಮತ್ತು ಉದ್ದ ಕಾಲ್ಚೀಲ ತೊಟ್ಟು, ಹೆಣ್ಣುದನಿಯಲ್ಲಿ ಹಾಡುತ್ತ ಬಂದರು. ಬಾಟಲಿ, ಹಣ್ಣು, ಚಪ್ಪಲಿ ತೂರಿಬಂದವು. ಇಪ್ಪತ್ತು ನಿಮಿಷವಾಗುವ ಮೊದಲೇ ವೇದಿಕೆ ಬಿಟ್ಟು ಮಿನಿಯಾಪೊಲಿಸ್‌ಗೆ ವಿಮಾನ ಹತ್ತಿದರು. ಸಂಘಟಕ ಬಿಲ್ ಗ್ರಹಾಂ ಮೈಕ್ ಹಿಡಿದು ಜನರಿಗೆ ಬೈದರು. ಜಾಗರ್ ಫೋನ್ ಮಾಡಿದರು, ಗಿಟಾರ್ ವಾದಕ ಡೆಜ್ ಡಿಕರ್‌ಸನ್ ಕೂಡ ಒತ್ತಾಯಿಸಿದರು. ಎರಡು ದಿನದ ನಂತರದ ಎರಡನೆಯ ಆಟಕ್ಕೆ ಪ್ರಿನ್ಸ್ ಮರಳಿ ಬಂದರು. ಈ ಸಲ ಜನ ಎಸೆಯಲೆಂದೇ ಸರಕು ತಂದಿದ್ದರು. ಪ್ರಿನ್ಸ್ ಮಾತ್ರ ತಮ್ಮ ಸರದಿ ಮುಗಿಸಿಯೇ ಇಳಿದರು. ಅವರು ಮತ್ತೆ ಯಾರಿಗೂ ಮೊದಲ ತಂಡವಾಗಲು ಹೋಗಲಿಲ್ಲ. 1984ರಲ್ಲಿ 'ಪರ್ಪಲ್ ರೇನ್' ಬಂತು. ಕಪ್ಪು ಬ್ಲೂಸ್ ಗಾಯಕರನ್ನು ಅನುಕರಿಸುತ್ತಲೇ ಮೇಲೆ ಬಂದ ತಂಡವೊಂದರ ಅಭಿಮಾನಿಗಳು ಹೀಗೆ ನಡೆದುಕೊಂಡರು ಎನ್ನುವುದನ್ನು ಆ ಕಾಲದ ಅಮೆರಿಕದ ಬಗ್ಗೆ ಬರೆಯುವವರು ಮರೆಯಬಾರದು.

ಪೋಸ್ಟರು ಮತ್ತು ವಾಸ್ತವದ ನಡುವಿನ ಅಂತರ ಕಣ್ಣೆದುರೇ ಬಯಲಾದದ್ದು 1991ರ ಡಿಸೆಂಬರ್ ಕೊನೆಯ ವಾರ. ಕ್ಯಾಲಿಫೋರ್ನಿಯಾದಲ್ಲಿ ರೆಡ್ ಹಾಟ್ ಚಿಲಿ ಪೆಪರ್ಸ್ ಮುಖ್ಯ ತಂಡ. ಮೊದಲು ಪರ್ಲ್ ಜ್ಯಾಮ್, ನಂತರ ನಿರ್ವಾಣ. ಏರ್ಪಾಡು ಮಾಡಿದಾಗ ಕ್ರಮ ಸರಿಯಾಗಿಯೇ ಇತ್ತು. 1992ರ ಜನವರಿ 11ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಿರ್ವಾಣದ 'ನೆವರ್‌ಮೈಂಡ್' ಮೈಕಲ್ ಜಾಕ್ಸನ್ ಆಲ್ಬಮ್ಮನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಬಂತು. ಅಷ್ಟರ ನಂತರ ಅದೇ ಮೂರು ಹೆಸರನ್ನು ಅದೇ ಕ್ರಮದಲ್ಲಿ ಯಾರೂ ಅಚ್ಚುಹಾಕುವಂತಿರಲಿಲ್ಲ.

ಹೊರದೇಶದ ದೊಡ್ಡ ತಂಡಗಳು ಭಾರತಕ್ಕೆ ಬರತೊಡಗಿದ ಮೇಲೆ ಮೊದಲ ಸರದಿಗೆ ಇಲ್ಲಿನ ತಂಡಗಳನ್ನೇ ಹುಡುಕುವುದು ಅನಿವಾರ್ಯವಾಯಿತು. ಒಂದೆರಡು ಆಟಕ್ಕಾಗಿ ಸಮುದ್ರದಾಚೆಯಿಂದ ಇನ್ನೂ ಎರಡು ಮೂರು ತಂಡಗಳನ್ನೂ ಅವರ ಸಾಮಾನನ್ನೂ ಹೊತ್ತು ತರುವುದು ಗಿಟ್ಟುವ ಮಾತಲ್ಲ. ಬೆಂಗಳೂರಿನ ಅರಮನೆ ಮೈದಾನ ಇಂಥ ಹಲವು ಸಂಜೆಗಳನ್ನು ಕಂಡಿದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿ ನುಡಿಸಿದಾಗ, ಅವರಿಗಿಂತ ಮೊದಲು ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ರ ಮಗಳು ಲಾರೆನ್ ಹ್ಯಾರಿಸ್ ಮತ್ತು ದೆಹಲಿಯ ಪರಿಕ್ರಮ ತಂಡ ಹಾಡಿದವು. ಗಿಟಾರುಗಳ ನಡುವೆ ಪಿಟೀಲನ್ನೂ ಇಟ್ಟುಕೊಂಡ ಪರಿಕ್ರಮ 1991ರಿಂದ ಕಾಲೇಜು ಉತ್ಸವಗಳಲ್ಲಿ ಬೆಳೆದ ತಂಡ. ಬೆಂಗಳೂರಿನ ಆ ಸಂಜೆಯ ಬೆನ್ನಿಗೇ ಅವರಿಗೆ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೆ ಕರೆ ಬಂತು, ಜೂನ್ ತಿಂಗಳಲ್ಲಿ ಅವರು ಡಾನಿಂಗ್‌ಟನ್ ಪಾರ್ಕಿನಲ್ಲಿ ನುಡಿಸಿದರು. 2011ರ ಅಕ್ಟೋಬರ್ 30ರಂದು ಅದೇ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂತು. ಎರಡು ದಿನದ ಹಿಂದೆ ದೆಹಲಿ ಬಳಿಯ ಗುರುಗ್ರಾಮದಲ್ಲಿ ಅವರ ಆಟ ಕೊನೆ ಗಳಿಗೆಯಲ್ಲಿ ನಿಂತುಹೋಗಿ ಗಲಾಟೆಯಾಗಿದ್ದರಿಂದ ಎಲ್ಲರ ಕಣ್ಣೂ ಬೆಂಗಳೂರಿನ ಮೇಲಿತ್ತು. ಅಂದು ಮೊದಲ ಸರದಿಗಳಲ್ಲಿ ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಜೊತೆಗೆ ಗಿಲಟಿನ್ ಮತ್ತು ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ತಂಡಗಳಿದ್ದವು.